ಡಬ್ಬಿ ಆಮೇಲೆ ತೆಗಿ, ಮೊದಲು ನೀರು ನೋಡು

ಅಕ್ಕನ ಮಗ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ಗೆ ಓದಲು ಬಂದ ಮೇಲೆ ನನಗೆ ಟ್ರೌಟ್ ಮೀನಿಗೆ ಗಾಳ ಹಾಕಲು ನದಿಗೆ ಹೋಗುವಾಗ ಜೊತೆ ಸಿಕ್ಕಿದೆ. ಮೊನ್ನೆ ಅವನು ಒಂದು ಫೋಟೋ ಕಳಿಸಿದ. ಹೊಸ ಫ್ಲೈ ಡಬ್ಬಿ, ಒಳಗೆ ಸಾಲು ಸಾಲು ಡ್ರೈ ಫ್ಲೈ. ಬೂದು ಬಣ್ಣದವು, ಹಳದಿ, ಕಂದು, ಬಿಳಿ ರೆಕ್ಕೆಯವು, ರೆಕ್ಕೆಯೇ ಇಲ್ಲದವು. ಕೆಳಗೆ ಒಂದೇ ಪ್ರಶ್ನೆ: "ಚಿಕ್ಕಿ, ಶನಿವಾರಕ್ಕೆ ಇದರಲ್ಲಿ ಯಾವುದು ಕಟ್ಟಲಿ?"

ಫೋನಿನಲ್ಲಿ ಎರಡು ಮಾತಲ್ಲಿ ಮುಗಿಸುವ ವಿಷಯ ಅಲ್ಲ ಇದು. ಇಲ್ಲಿರುವ ಬೇರೆ ಕನ್ನಡದ ಗೆಳೆಯರೂ ಇದನ್ನೇ ಕೇಳಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಈ ಗಾಳದ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟ್ರೌಟ್ ತಣ್ಣೀರಿನ ಮೀನು. ನೀರಿನ ಮೇಲೆ ತೇಲಿ ಬರುವ ಸಣ್ಣ ಹುಳಗಳನ್ನು ಮೇಲೆದ್ದು ತಿನ್ನುತ್ತದೆ. ಆ ಹುಳದ ಹಾಗೆ ಕಾಣಲೆಂದು ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಕಟ್ಟಿದ್ದೇ ಫ್ಲೈ. ಮುಳುಗದೆ ತೇಲಿದರೆ ಅದು ಡ್ರೈ ಫ್ಲೈ. ಕೊಕ್ಕೆಗೆ ನಂಬರ್ ಇರುತ್ತದೆ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. 12 ಅಂದರೆ ಈ ಲೆಕ್ಕದಲ್ಲಿ ದೊಡ್ಡ ಫ್ಲೈ. 22 ಅಂದರೆ ಅರ್ಧ ಸೆಂಟಿಮೀಟರ್ ಆಸುಪಾಸು. ಊರಿನ ಹಳ್ಳದಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿ ಬೆಳೆದವರಿಗೆ ಮೊದಲ ಸಲ ಇದನ್ನು ನೋಡಿದಾಗ ನಂಬಿಕೆಯೇ ಬರುವುದಿಲ್ಲ.

ನನ್ನ ಉತ್ತರ ಇದು. ಫ್ಲೈ ನೀರಿನ ಮೇಲೆ ಎದ್ದು ನಿಂತಿದೆಯಾ, ಮೇಲ್ಪದರದಲ್ಲಿ ಅರ್ಧ ಹೂತುಕೊಂಡಿದೆಯಾ, ಚಪ್ಪಟೆಯಾಗಿ ಬಿದ್ದಿದೆಯಾ, ಇದನ್ನು ಮೊದಲು ನೋಡಬೇಕು. ಗಾತ್ರ ಅದರ ಬೆನ್ನಿಗೇ ಬರುತ್ತದೆ. ಬಣ್ಣ ಕೊನೆಗೆ. ಅಂಗಡಿಯಲ್ಲಿ ನಾವೆಲ್ಲ ಬಣ್ಣ ನೋಡಿ ಕೊಳ್ಳುತ್ತೇವೆ, ಅಲ್ವಾ? ಮೀನು ನೋಡುವ ಕ್ರಮ ಬೇರೆ.

ನಾವು ಹೋಗುವುದು ಡೆಲವೇರ್ ನದಿಯ ವೆಸ್ಟ್ ಬ್ರಾಂಚ್‌ಗೆ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ ಇಳಿದು ಬರುವ ನದಿ. ಡೆಪಾಸಿಟ್ ಎಂಬ ಊರಿಗೆ ಸ್ವಲ್ಪ ಮೇಲೆ ಕ್ಯಾನನ್ಸ್‌ವಿಲ್ ಜಲಾಶಯ ಇದೆ. ನ್ಯೂಯಾರ್ಕ್ ನಗರದ ಕುಡಿಯುವ ನೀರಿಗೆಂದು ಕಟ್ಟಿದ್ದು. ಅಣೆಕಟ್ಟಿನ ತಳದಿಂದ ಬಿಡುವ ನೀರು ಬೇಸಿಗೆಯಲ್ಲೂ ಕಾಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅಲ್ಲಿಂದ ಹ್ಯಾನ್‌ಕಾಕ್ ತನಕ, ಅಂದರೆ ಈಸ್ಟ್ ಬ್ರಾಂಚ್ ಬಂದು ಸೇರುವ ತನಕ, ಟ್ರೌಟ್‌ಗೆ ಹೇಳಿ ಮಾಡಿಸಿದ ನೀರು. ಇಲ್ಲಿನ ಬ್ರೌನ್ ಟ್ರೌಟ್ ಮೂಲದಲ್ಲಿ ಯುರೋಪಿನ ಮೀನು. 1883ರಲ್ಲಿ ಜರ್ಮನಿಯಿಂದ ಮೊಟ್ಟೆ ತಂದು ಅಮೆರಿಕದಲ್ಲಿ ಮರಿ ಮಾಡಿದ್ದರು. ರೇನ್‌ಬೋ ಟ್ರೌಟ್ ಪಶ್ಚಿಮ ಕರಾವಳಿ ಕಡೆಯದು. ಇಲ್ಲಿಯದೇ ಅಂತ ಇರುವುದು ಬ್ರೂಕ್ ಟ್ರೌಟ್ ಒಂದೇ. ಅದು ಈಗ ಹೆಚ್ಚಾಗಿ ಮೇಲಿನ ಸಣ್ಣ ಹಳ್ಳಗಳಲ್ಲಿ ಉಳಿದುಕೊಂಡಿದೆ.

ಈ ನದಿಯ ಬಗ್ಗೆ ನನಗೆ ಒಂದು ಸಂಕಟವೂ ಇದೆ. ಕ್ಯಾನನ್ಸ್‌ವಿಲ್ ಅಣೆಕಟ್ಟು ಮುಗಿದದ್ದು 1964ರಲ್ಲಿ. ಕ್ಯಾನನ್ಸ್‌ವಿಲ್, ಬೀರ್ಸ್‌ಟನ್, ರಾಕ್ ರಿಫ್ಟ್, ರಾಕ್ ರಾಯಲ್ ಊರುಗಳು ನೀರಿನಡಿ ಹೋದವು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತದ್ದೂ 1964ರಲ್ಲೇ. ಹೊಸನಗರದ ಕಡೆ ನಮ್ಮ ಅಜ್ಜನ ಗದ್ದೆ ಆ ಹಿನ್ನೀರಿನಲ್ಲಿದೆ. ಇಲ್ಲಿ ಮೊಣಕಾಲು ನೀರಲ್ಲಿ ನಿಂತು ಮೀನಿಗೆ ಕಾಯುವಾಗ, ನನಗೆ ಖುಷಿ ಕೊಡುವ ಈ ತಣ್ಣೀರಿಗೆ ಯಾರೋ ಮನೆ ಬಿಟ್ಟುಕೊಟ್ಟಿದ್ದಾರೆ ಅನ್ನುವುದು ನೆನಪಿಗೆ ಬರುತ್ತದೆ. ನೆನಪಿರಬೇಕು ಅಂತಲೇ ನನ್ನ ಆಸೆ.

ಹುಳದ ವಿಷಯಕ್ಕೆ ಬರೋಣ. ಇಲ್ಲಿ ಮುಖ್ಯವಾದದ್ದು ಮೇಫ್ಲೈ. ಅದರ ಮರಿ ಹೊಳೆಯ ತಳದಲ್ಲಿ ಕಲ್ಲಿನಡಿ ಸುಮಾರು ಒಂದು ವರ್ಷ ಕಳೆಯುತ್ತದೆ. ಒಂದು ದಿನ ಮೇಲಕ್ಕೆ ಈಜಿ ಬಂದು, ನೀರಿನ ಮೇಲ್ಪದರದಲ್ಲೇ ಬೆನ್ನು ಸೀಳಿ, ಪೊರೆ ಕಳಚಿ, ರೆಕ್ಕೆ ಬಿಚ್ಚುತ್ತದೆ. ರೆಕ್ಕೆ ಒಣಗುವ ತನಕ ನೀರಿನ ಮೇಲೆ ನಿಂತು ತೇಲುತ್ತದೆ. ಆಮೇಲೆ ಹಾರಿ ಮರ ಸೇರುತ್ತದೆ. ಅಲ್ಲಿ ಇನ್ನೊಮ್ಮೆ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಜಗತ್ತಿನಲ್ಲಿ ಇದೊಂದೇ. ಕೊನೆಗೆ ನೀರಿನ ಮೇಲೆ ಕೂಡಿ, ಮೊಟ್ಟೆ ಇಟ್ಟು, ರೆಕ್ಕೆ ಚಾಚಿ ಸತ್ತು ಬೀಳುತ್ತದೆ. ರೆಕ್ಕೆ ಬಂದ ಮೇಲೆ ಅದು ಏನೂ ತಿನ್ನುವುದಿಲ್ಲ. ತಿನ್ನಲು ಬಾಯಿಯೇ ಕೆಲಸಕ್ಕಿಲ್ಲ. ಇವು ಒಟ್ಟಿಗೆ ಏಳುವುದನ್ನು ಇಲ್ಲಿ ಹ್ಯಾಚ್ ಅನ್ನುತ್ತಾರೆ. ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ರೆಕ್ಕೆಹುಳ ಮುತ್ತುವ ಹಾಗೆಯೇ, ಇಲ್ಲಿ ನದಿ ತುಂಬ.

ನೋಡಿ, ಒಂದೇ ಹುಳಕ್ಕೆ ನೀರಿನ ಮೇಲೆ ಮೂರು ಭಂಗಿ ಇದೆ. ಪೊರೆ ಕಳಚುವಾಗ ಅರ್ಧ ಒಳಗೆ, ಅರ್ಧ ಹೊರಗೆ. ರೆಕ್ಕೆ ಬಿಚ್ಚಿದ ಮೇಲೆ ಕಾಲಿನ ಮೇಲೆ ನಿಲ್ಲುತ್ತದೆ. ಸಾಯುವಾಗ ಚಪ್ಪಟೆ. ಒಂದೇ ಸಂಜೆಯಲ್ಲಿ ಒಂದೇ ಮೀನು ಇವುಗಳಲ್ಲಿ ಒಂದನ್ನೇ ಆರಿಸಿ ತಿನ್ನುತ್ತಾ, ಮಿಕ್ಕ ಎರಡನ್ನೂ ತಲೆ ಮೇಲೆ ಹೋಗಲು ಬಿಡಬಹುದು. ಪೊರೆಯಲ್ಲಿ ಸಿಕ್ಕಿಕೊಂಡ ಹುಳ ಹಾರಿಹೋಗಲ್ಲ ಅನ್ನುವುದು ಮೀನಿಗೆ ಗೊತ್ತು.

ಮೀನು ಕೆಳಗಿಂದ ಏನು ನೋಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ನನಗೆ ಇಡೀ ಡ್ರೈ ಫ್ಲೈ ವಿದ್ಯೆ ಅರ್ಥವಾದದ್ದು ಇದರಿಂದಲೇ. ಬೆಳಕು ನೀರಿಗೆ ಇಳಿಯುವಾಗ ಬಾಗುತ್ತದೆ. ಹಾಗಾಗಿ ಮೀನಿಗೆ ಹೊರಗಿನ ಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಟಕಿಯಿಂದ ಮಾತ್ರ. ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ಕಿಟಕಿಯ ಆಚೆ ನೀರಿನ ಮೇಲ್ಮೈ ಒಳಗಿಂದ ಕನ್ನಡಿ. ಅದರಲ್ಲಿ ಹೊಳೆಯ ತಳವೇ ತಿರುಗಿ ಕಾಣುತ್ತದೆ. ಮೀನು ಒಂದು ಅಡಿ ಆಳದಲ್ಲಿ ನಿಂತರೆ ಕಿಟಕಿಯ ಅಗಲ ಎರಡೂಕಾಲು ಅಡಿ. ನಾಲ್ಕು ಇಂಚು ಆಳದಲ್ಲಿ ನಿಂತರೆ ಒಂಬತ್ತು ಇಂಚು ಅಷ್ಟೇ.

ಈಗ ಹುಳ ಮೇಲಿನಿಂದ ತೇಲಿ ಬರುತ್ತಿದೆ ಅಂದುಕೊಳ್ಳಿ. ಕನ್ನಡಿಯ ಭಾಗದಲ್ಲಿ ಅದರ ಮೈ ಮೀನಿಗೆ ಕಾಣಲ್ಲ. ಕಾಲುಗಳು ನೀರನ್ನು ಒತ್ತಿದ ಕಡೆ ಬೆಳಕಿನ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಕಿಟಕಿಯ ಅಂಚಿಗೆ ಬಂದಾಗ ಮೊದಲು ರೆಕ್ಕೆಯ ತುದಿ ಇಣುಕುತ್ತದೆ. ಆಮೇಲೆ ಮೈ. ಆದರೆ ಮೇಲ್ಪದರದಲ್ಲಿ ಅರ್ಧ ಮುಳುಗಿದ ಹುಳದ ಕಥೆ ಬೇರೆ. ಅದರ ಕೆಳಮೈ ಕನ್ನಡಿಯನ್ನೇ ತೂರಿ ಇಳಿದಿರುತ್ತದೆ. ದೂರದಿಂದಲೇ ಪೂರ್ತಿ ಕಾಣುತ್ತದೆ. ಹಾಗಾಗಿ ಫ್ಲೈ ಹೇಗೆ ಕೂತಿದೆ ಅನ್ನುವುದನ್ನು ಮೀನು ಬಣ್ಣ ನೋಡುವ ಎಷ್ಟೋ ಮೊದಲೇ ನೋಡಿ ಆಗಿರುತ್ತದೆ. ಪೆನ್ಸಿಲ್ವೇನಿಯಾದ ಲೆಟಾರ್ಟ್ ಎಂಬ ಊಟೆ ನೀರಿನ ಹೊಳೆಯ ದಡದಲ್ಲಿ ವಿನ್ಸೆಂಟ್ ಮರಿನಾರೊ ಇದನ್ನು ವರ್ಷಗಟ್ಟಲೆ ಕೂತು ನೋಡಿ ಬರೆದರು. ಅವರ ಬಗ್ಗೆ ಮುಂದೆ ಇನ್ನೊಂದು ಮಾತಿದೆ.

ಇದೆಲ್ಲ ತಲೆಯಲ್ಲಿದ್ದರೆ ಡಬ್ಬಿಯಲ್ಲಿರುವುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಕ್ಯಾಟ್‌ಸ್ಕಿಲ್‌ನ ಹಳೆಯ ಫ್ಲೈಗಳೆಲ್ಲ ಎದ್ದು ನಿಲ್ಲುವ ಜಾತಿ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಫ್ರೆಡರಿಕ್ ಹಾಲ್ಫರ್ಡ್ ಡ್ರೈ ಫ್ಲೈಗೆ ಶಾಸ್ತ್ರವನ್ನೇ ಬರೆದವರು. 1890ರಲ್ಲಿ ಅವರು ತಮ್ಮ ಫ್ಲೈಗಳ ಮಾದರಿಯನ್ನು ಕ್ಯಾಟ್‌ಸ್ಕಿಲ್‌ನ ಥಿಯೋಡರ್ ಗಾರ್ಡನ್‌ಗೆ ಅಂಚೆಯಲ್ಲಿ ಕಳಿಸಿದರು. ಇಂಗ್ಲೆಂಡಿನ ಆ ನೀರು ನಿಧಾನ, ಸಮ. ಇಲ್ಲಿಯದು ಕಲ್ಲು ಹಾರಿ ಬರುವ ನೀರು. ಅದೇ ಫ್ಲೈ ಇಲ್ಲಿ ಮುಳುಗುತ್ತಿತ್ತು. ಗಾರ್ಡನ್ ಬಿಗಿಯಾದ ಹುಂಜದ ಗರಿ ಸುತ್ತಿ, ಕಾಡುಬಾತಿನ ಪಕ್ಕೆಯ ಗರಿಯಿಂದ ರೆಕ್ಕೆ ಮಾಡಿ, ಇಲ್ಲಿಯ ಹುಳಕ್ಕೆ ಇಲ್ಲಿಯದೇ ಫ್ಲೈ ಕಟ್ಟಿದರು. ಕ್ವಿಲ್ ಗಾರ್ಡನ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅವರು ಗಾಳ ಹಾಕುತ್ತಿದ್ದ ನೆವರ್‌ಸಿಂಕ್ ನದಿಯ ಒಂದು ಭಾಗವೂ ಈಗ ಜಲಾಶಯದ ಅಡಿಯಲ್ಲಿದೆ.

ಗಾರ್ಡನ್ ಕೈಯಲ್ಲಿ ಕಲಿತವರು ರಾಯ್ ಸ್ಟೀನ್‌ರಾಡ್. 1916ರಲ್ಲಿ ಬೀವರ್‌ಕಿಲ್ ನದಿಯ ದಡದಲ್ಲಿ ಒಂದು ದೊಡ್ಡ ಹ್ಯಾಚ್ ನೋಡಿ ಅದಕ್ಕೊಂದು ಫ್ಲೈ ಕಟ್ಟಿ, ಗೆಳೆಯ ಹೆಂಡ್ರಿಕ್ಸನ್‌ರ ಹೆಸರಿಟ್ಟರು. ಈಗ ಆ ಹುಳಕ್ಕೂ ಜನ ಹೆಂಡ್ರಿಕ್ಸನ್ ಅಂತಲೇ ಕರೆಯುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಮಧ್ಯಾಹ್ನ ಎರಡು ಗಂಟೆ ಮೇಲೆ ಏಳುತ್ತದೆ. ಮೈಗೆ ನರಿಯ ಹೊಟ್ಟೆಯ ತಿಳಿಗುಲಾಬಿ ತುಪ್ಪಳ, ಬೂದು ಹ್ಯಾಕಲ್, 12 ಅಥವಾ 14ರ ಕೊಕ್ಕೆ. ಹರಿಯುವ ನೀರಲ್ಲಿ ಇದನ್ನು ಮೀರಿಸುವ ಫ್ಲೈ ನನಗೆ ಕಂಡಿಲ್ಲ. ಅದು ಬೆರಳತುದಿಯಲ್ಲಿ ನಿಂತಂತೆ ಅಲೆಯ ಮೇಲೆ ಬರುವುದನ್ನು ನೋಡುವುದೇ ಒಂದು ಸಂತೋಷ.

ಹ್ಯಾಕಲ್ ಅಂದರೆ ಹುಂಜದ ಕತ್ತಿನ ಗರಿ. ಅದನ್ನು ಕೊಕ್ಕೆಗೆ ಸುತ್ತಿದಾಗ ಎಳೆಗಳು ಸುತ್ತಲೂ ಎದ್ದು ನಿಲ್ಲುತ್ತವೆ. ಆ ಎಳೆಗಳ ತುದಿಯೇ ಫ್ಲೈಯನ್ನು ಎತ್ತಿ ಹಿಡಿಯುವುದು. ಹಿಂದೆ ಇಲ್ಲಿಯ ಅಂಗಡಿಗಳಿಗೆ ಈ ಗರಿ ಭಾರತದಿಂದ ಬರುತ್ತಿತ್ತು. ಹಳಬರು ಈಗಲೂ 'ಇಂಡಿಯನ್ ನೆಕ್' ಅಂತ ನೆನಪು ಮಾಡಿಕೊಳ್ಳುತ್ತಾರೆ. ಈಗ ಇದಕ್ಕೆಂದೇ ತಳಿ ಆರಿಸಿ ಸಾಕಿದ ಹುಂಜಗಳಿವೆ. ಉದ್ದ ಗರಿ, ಗಿಡ್ಡ ಬಿಗಿ ಎಳೆ. ಬೆಲೆ ಜಾಸ್ತಿ. ಆದರೆ ಒಂದು ಗರಿಯಲ್ಲಿ ಒಂದಕ್ಕಿಂತ ಹೆಚ್ಚು ಫ್ಲೈ ಆಗುತ್ತದೆ.

ನಿಂತ ನೀರಿನ ಮಡುವಿಗೆ ಬಂದರೆ ಆಟ ಬದಲಾಗುತ್ತದೆ. ವೆಸ್ಟ್ ಬ್ರಾಂಚ್‌ನ ದೊಡ್ಡ ಮಡುಗಳಲ್ಲಿ ನೀರು ಗಾಜಿನ ಹಾಗೆ ಸಮ. ಮೀನಿಗೆ ನೋಡಲು ಬೇಕಾದಷ್ಟು ಸಮಯ. ಇಲ್ಲಿಗೆ ನನ್ನ ಆಯ್ಕೆ ಕಂಪ್ಯಾರಡನ್. 1970ರ ದಶಕದಲ್ಲಿ ಆಲ್ ಕೌಚಿ ಮತ್ತು ಬಾಬ್ ನಸ್ತಾಸಿ ಇದನ್ನು ಬೆಳಕಿಗೆ ತಂದರು. ಹ್ಯಾಕಲ್ ಇಲ್ಲವೇ ಇಲ್ಲ. ಜಿಂಕೆ ಕೂದಲಿನ ಬೀಸಣಿಗೆ ರೆಕ್ಕೆ ಒಂದೇ. ಮೈ ನೇರ ನೀರಿನ ಮೇಲ್ಪದರದಲ್ಲಿ ಕೂರುತ್ತದೆ, ರೆಕ್ಕೆ ಮೇಲೆ ನಿಲ್ಲುತ್ತದೆ. ಮೀನಿಗೆ ಕನ್ನಡಿಯಲ್ಲಿ ಮೈ, ಕಿಟಕಿ ಅಂಚಿನಲ್ಲಿ ರೆಕ್ಕೆ, ಎರಡೂ ಸರಿಯಾಗಿ ಸಿಗುತ್ತವೆ.

ಇದನ್ನು ಹೇಗೆ ಕಟ್ಟುತ್ತೇನೆ ಅಂತ ಹೇಳಲೇಬೇಕು. ಅಡುಗೆಮನೆ ಮೇಜಿನ ಅಂಚಿಗೆ ಕೊಕ್ಕೆ ಹಿಡಿದಿಡುವ ವೈಸ್ ಬಿಗಿದು, 16ರ ಕೊಕ್ಕೆ ಸಿಕ್ಕಿಸಿ, ಹಳದಿ ದಾರ ಸುತ್ತುತ್ತೇನೆ. ಜಿಂಕೆಯ ಕೂದಲು ಒಂದು ಚಿಟಿಕೆ, ಬೆಂಕಿಕಡ್ಡಿಯ ದಪ್ಪದಷ್ಟು ಸಾಕು. ಬುಡದಲ್ಲಿರುವ ನುಣ್ಣನೆಯ ತುಪ್ಪಳವನ್ನು ಬೆರಳಲ್ಲಿ ಎಳೆದು ತೆಗೆಯಬೇಕು. ಅದು ಉಳಿದರೆ ನೀರು ಕುಡಿದು ಫ್ಲೈ ಮುಳುಗುತ್ತದೆ. ಆಮೇಲೆ ಕೂದಲನ್ನು ಸ್ಟ್ಯಾಕರ್ ಅನ್ನುವ ಸಣ್ಣ ಕೊಳವೆಗೆ ಹಾಕಿ ಮೇಜಿಗೆ ಟಕ್ ಟಕ್ ಅಂತ ಬಡಿದರೆ ತುದಿಗಳೆಲ್ಲ ಒಂದೇ ಸಮ ಆಗುತ್ತವೆ. ತುದಿ ಕೊಕ್ಕೆಯ ಕಣ್ಣಿನ ಕಡೆ ಇರುವ ಹಾಗೆ ಇಟ್ಟು, ಎರಡು ಸುತ್ತು ಸಡಿಲವಾಗಿ, ಮೂರನೆಯದನ್ನು ಎಳೆದು ಬಿಗಿಯಬೇಕು. ಜಿಂಕೆ ಕೂದಲಿನ ಒಳಗೆ ಗಾಳಿ ತುಂಬಿದ ಗೂಡುಗಳಿವೆ. ದಾರ ಬಿಗಿದ ಕ್ಷಣ ಅದು ಅಲ್ಲಿ ಕುಗ್ಗಿ, ಮಿಕ್ಕದ್ದು ಅರಳುತ್ತದೆ. ಬುಡವನ್ನು ಓರೆಯಾಗಿ ಕತ್ತರಿಸಬೇಕು, ನೇರ ಕತ್ತರಿಸಿದರೆ ಮೈಯಲ್ಲಿ ಗಂಟು ಬರುತ್ತದೆ. ರೆಕ್ಕೆಯನ್ನು ಹೆಬ್ಬೆರಳಿನ ಉಗುರಲ್ಲಿ ಹಿಂದಕ್ಕೆ ಒತ್ತಿ, ಮುಂದೆ ದಾರ ಪೇರಿಸಿ ನಿಲ್ಲಿಸುತ್ತೇನೆ. ಅರ್ಧ ಚಂದ್ರದಂತೆ ಹರಡಬೇಕು, ಕೆಳಗೆ ಒಂದೂ ಎಳೆ ಇರಬಾರದು. ಬಾಲಕ್ಕೆ ಸಿಂಥೆಟಿಕ್ ಎಳೆ ಎರಡು ಕಡೆಗೆ ಸೀಳಿ. ಈ ಸೀಳಿದ ಬಾಲ ತುಂಬ ಮುಖ್ಯ. ಅದೇ ಫ್ಲೈ ಪಕ್ಕಕ್ಕೆ ಮಗುಚದ ಹಾಗೆ ತಡೆಯುವುದು. ಮೈಗೆ ಹಳದಿ ತುಪ್ಪಳವನ್ನು ದಾರಕ್ಕೆ ಹೊಸೆದು ಸುತ್ತಿದರೆ ಮುಗಿಯಿತು.

ಬಾಲದ ಬದಲು ಕಂದು ಬಣ್ಣದ ಹೊಳೆಯುವ ನಾರು ಕಟ್ಟಿದರೆ ಅದೇ ಸ್ಪಾರ್ಕಲ್ ಡನ್. ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್‌ನ ಕ್ರೇಗ್ ಮ್ಯಾಥ್ಯೂಸ್ ಮತ್ತು ಜಾನ್ ಜುರಾಸೆಕ್ ಇದನ್ನು ಹೆಸರಿಗೆ ತಂದರು. ಆ ನಾರು ಬಿಟ್ಟೂ ಬಿಡದ ಪೊರೆಯ ಹಾಗೆ ಹಿಂದೆ ಎಳೆದುಕೊಂಡು ಬರುತ್ತದೆ. ಒಂದೇ ಡಬ್ಬಿಯಲ್ಲಿ ಒಂದೇ ಫ್ಲೈ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುವುದು.

ಹೋದ ಜೂನಿನಲ್ಲಿ ನಡೆದದ್ದನ್ನು ಹುಡುಗನಿಗೆ ನೆನಪಿಸುತ್ತೇನೆ. ಸಲ್ಫರ್ ಅನ್ನುವ ಹಳದಿ ಮೇಫ್ಲೈ ಸಂಜೆ ಏಳುತ್ತಿತ್ತು. ದಡದ ಮರದ ನೆರಳಲ್ಲಿ ಒಂದು ಮೀನು ಬಿಡದೆ ತಿನ್ನುತ್ತಿತ್ತು. ಇವನು ಹ್ಯಾಕಲ್ ಸುತ್ತಿದ 16ರ ಹಳದಿ ಫ್ಲೈಯನ್ನು ಚೆನ್ನಾಗಿಯೇ ಎಸೆದ. ಮೀನು ಬಂತು, ಮೂಗು ಅದರ ಅಡಿಗೆ ತಂದಿತು, ಜೊತೆಗೇ ಒಂದು ಅಡಿ ತೇಲಿತು, ಹಿಂದಕ್ಕೆ ಹೋಯಿತು. ಮತ್ತೆ ಎಸೆದ. ಮತ್ತೆ ಹಾಗೇ.

"ಬಣ್ಣ ಸರಿಯಿಲ್ಲ ಅನ್ಸತ್ತೆ ಚಿಕ್ಕಿ. ಕಿತ್ತಳೆ ಹಾಕ್ಲಾ?"

"ತಡಿ. ಅದು ತಿಂದ ಮೇಲೆ ಗುಳ್ಳೆ ಬರ್ತಿದೆಯಾ ನೋಡು."

ನೋಡಿದ. ಗುಳ್ಳೆ ಇರಲಿಲ್ಲ. ಬೆನ್ನು ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಮೀನು ನೀರಿನ ಮೇಲಿಂದ ಹುಳ ತೆಗೆದುಕೊಂಡರೆ ಜೊತೆಗೆ ಗಾಳಿಯನ್ನೂ ನುಂಗುತ್ತದೆ. ಆ ಗಾಳಿ ಗುಳ್ಳೆಯಾಗಿ ಮೇಲೆ ಉಳಿಯುತ್ತದೆ. ಗುಳ್ಳೆ ಇಲ್ಲ ಅಂದರೆ ಮೇಲ್ಪದರದ ಒಳಗೇ ತಿನ್ನುತ್ತಿದೆ ಅಂತ. ನಾನು ಸಣ್ಣ ಕತ್ತರಿ ತೆಗೆದೆ.

"ಅಯ್ಯೋ, ಹಾಳಾಗಲ್ವಾ?"

"ಏನೂ ಆಗಲ್ಲ, ಕೊಡು ಇಲ್ಲಿ."

ಹೊಟ್ಟೆಯ ಕೆಳಗಿನ ಹ್ಯಾಕಲ್ ಎಳೆಗಳನ್ನೆಲ್ಲ ಮೈಗೆ ಸಮ ಕತ್ತರಿಸಿ ಕೊಟ್ಟೆ. ಅದೇ ಬಣ್ಣ, ಅದೇ ಗಾತ್ರ, ಅದೇ ಫ್ಲೈ. ಈಗ ನೀರಿಗೆ ಇಳಿದು ಕೂತಿತು. ಮೀನು ಬಂದು, ಯೋಚನೆಯೇ ಮಾಡದೆ, ಬಾಯಿಗೆ ಹಾಕಿಕೊಂಡಿತು. ಬೆಣ್ಣೆ ಬಣ್ಣದ ಹೊಟ್ಟೆ, ಬದಿಯಲ್ಲಿ ಕೆಂಪು ಚುಕ್ಕೆ, ಒಳ್ಳೆ ಬ್ರೌನ್ ಟ್ರೌಟ್. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದರಿಂದ ಬಲೆಯೊಳಗೇ, ನೀರಲ್ಲಿ ಇದ್ದ ಹಾಗೇ ಬಿಡಿಸಿಬಿಟ್ಟ.

ಸಂಜೆ ಇನ್ನೂ ಕಪ್ಪಾದ ಮೇಲೆ ಮೀನು ಏಳುವ ಸದ್ದೇ ಬೇರೆ. ಸುಮ್ನೆ ಒಂದು ಮುತ್ತು ಕೊಟ್ಟ ಹಾಗೆ ಶಬ್ದ, ನೀರಿನ ಮೇಲೆ ಒಂದು ಸಣ್ಣ ಬಳೆ. ಹೊಸಬರು ಇದನ್ನು ಸಣ್ಣ ಮೀನು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಹೆಚ್ಚಾಗಿ ದೊಡ್ಡ ಮೀನೇ. ಮೊಟ್ಟೆ ಇಟ್ಟು ಸತ್ತ ಹುಳಗಳನ್ನು ಹೀರುತ್ತಿದೆ. ಸತ್ತದ್ದು ಎಲ್ಲಿಗೂ ಹೋಗಲ್ಲ, ಹಾಗಾಗಿ ಆತುರವಿಲ್ಲ. ಈ ಹೊತ್ತಿಗೆ ಬೇಕಾದದ್ದು ರಸ್ಟಿ ಸ್ಪಿನ್ನರ್. ತುಕ್ಕಿನ ಬಣ್ಣದ ಸಪೂರ ಮೈ, ಎರಡು ಕಡೆಗೆ ಚಪ್ಪಟೆ ರೆಕ್ಕೆ. ಈ ಮೀನು ಮೇಲ್ಮೈಗೆ ಅಂಟಿಕೊಂಡೇ ನಿಂತಿರುತ್ತದೆ, ಕಿಟಕಿ ಸಣ್ಣದು. ಫ್ಲೈ ಅದರ ಮೂಗಿನ ಸಾಲಿನಲ್ಲೇ ಬರಬೇಕು. ಒಂದು ಗೇಣು ಆಚೆ ಹೋದರೂ ನೋಡುವುದಿಲ್ಲ.

ಮೀನು ಛಳ್ ಅಂತ ನೀರು ಹಾರಿಸಿ ಎದ್ದರೆ ಅದು ತಿನ್ನುತ್ತಿರುವುದು ಕ್ಯಾಡಿಸ್. ಡೇರೆಯ ಹಾಗೆ ರೆಕ್ಕೆ ಮಡಿಸುವ ಈ ಹುಳ ಒಂದು ಕಡೆ ನಿಲ್ಲುವುದಿಲ್ಲ, ಅದಕ್ಕೇ ಮೀನೂ ಧಾವಿಸಿ ಹಿಡಿಯುತ್ತದೆ. ಆಲ್ ಟ್ರಾತ್ 1957ರಲ್ಲಿ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್‌ಗಿಂತ ಒಳ್ಳೆಯದನ್ನು ಹುಡುಕುವ ಅಗತ್ಯ ನನಗೆ ಬಂದಿಲ್ಲ. ಮೇ ತಿಂಗಳಲ್ಲಿ ಸೇಬಿನ ಮರ ಹೂ ಬಿಡುವ ಹೊತ್ತಿಗೆ ಇಲ್ಲಿ ಏಳುವ ಕ್ಯಾಡಿಸ್‌ಗೆ ತಿಳಿಹಸಿರು ಮೈ ಮಾಡಿಕೊಂಡರೆ ಆಯಿತು.

ಏನು ತಿನ್ನುತ್ತಿದೆ ಅಂತ ಗೊತ್ತೇ ಆಗದಿದ್ದರೆ ಪ್ಯಾರಾಶೂಟ್ ಆಡಮ್ಸ್. ಮೂಲ ಆಡಮ್ಸ್ 1922ರಲ್ಲಿ ಮಿಶಿಗನ್‌ನ ಲೆನ್ ಹ್ಯಾಲಡೇ ಕಟ್ಟಿದ್ದು. ಬೂದು ಮೈ, ಕಂದು ಮತ್ತು ಕಪ್ಪು-ಬಿಳಿ ಪಟ್ಟೆಯ ಗರಿ ಬೆರೆಸಿದ ಹ್ಯಾಕಲ್. ಯಾವ ಒಂದು ಹುಳದ ಹಾಗೂ ಇಲ್ಲ, ಎಲ್ಲದರ ಹಾಗೂ ಇದೆ. ಪ್ಯಾರಾಶೂಟ್ ಮಾದರಿಯಲ್ಲಿ ಹ್ಯಾಕಲ್ ರೆಕ್ಕೆಯ ಬುಡಕ್ಕೆ ಅಡ್ಡಡ್ಡ ಸುತ್ತುವುದರಿಂದ ಮೈ ಕೆಳಗೆ ಕೂರುತ್ತದೆ, ಬಿಳಿ ರೆಕ್ಕೆ ನಮ್ಮ ಕಣ್ಣಿಗೂ ಕಾಣುತ್ತದೆ. ಇನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹುಳವಾದರೆ ಗ್ರಿಫಿತ್ಸ್ ನ್ಯಾಟ್. ನವಿಲುಗರಿಯ ಎಳೆ ಸುತ್ತಿ, ಮೇಲೆ ಅದೇ ಪಟ್ಟೆ ಹ್ಯಾಕಲ್. ಅಷ್ಟೇ. ಹೆಸರು ಬಂದದ್ದು ಜಾರ್ಜ್ ಗ್ರಿಫಿತ್‌ರಿಂದ. 1959ರಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಕಟ್ಟಿದವರಲ್ಲಿ ಅವರು ಮುಂದಿನವರು. ಈ ದೇಶದ ಎಷ್ಟೋ ಹೊಳೆಗಳು ಇವತ್ತು ತಣ್ಣಗೆ ಹರಿಯುತ್ತಿರುವುದರಲ್ಲಿ ಆ ಸಂಸ್ಥೆಯ ಪಾಲಿದೆ.

ಮರಿನಾರೊ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಲೆಟಾರ್ಟ್‌ನಲ್ಲಿ ಮೀನುಗಳು ಹ್ಯಾಚ್ ಇಲ್ಲದ ಬೇಸಿಗೆಯ ಹಗಲಲ್ಲೂ ಏನನ್ನೋ ತಿನ್ನುತ್ತಿದ್ದವು. ಅವರು ಮತ್ತು ಗೆಳೆಯ ಚಾರ್ಲ್ಸ್ ಫಾಕ್ಸ್ ನೀರಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಹುಲ್ಲಿನಿಂದ ಉದುರಿದ ಇರುವೆ ಮತ್ತು ಜಿಗಿಹುಳು. ನಮ್ಮ ಭತ್ತದ ಗದ್ದೆಗೆ ಬರುತ್ತದಲ್ಲ, ಆ ಗುಂಪಿನದೇ. ಅದಕ್ಕೆ ಅವರು ಜ್ಯಾಸಿಡ್ ಅನ್ನುವ ಫ್ಲೈ ಕಟ್ಟಿದರು. ಅದರ ಬೆನ್ನಿಗೆ ಚಪ್ಪಟೆಯಾಗಿ ಇಟ್ಟದ್ದು ಕಾಡುಹುಂಜದ ಕತ್ತಿನ ಒಂದು ಗರಿ. ಯಾವ ಕಾಡುಹುಂಜ? ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯದು! ಬೆಳಿಗ್ಗೆ ನಮ್ಮ ಮನೆ ಹಿಂದಿನ ಕಾನಿನಲ್ಲಿ ಕೂಗುತ್ತಿದ್ದ ಅದೇ ಹಕ್ಕಿ. ಅದರ ಕತ್ತಿನ ಗರಿಯ ಮೇಲೆ ಅರಗು ಬಳಿದಂಥ ಹೊಳಪಿನ ಚುಕ್ಕೆ ಇರುತ್ತದೆ. ಆ ಚುಕ್ಕೆಯ ಆಸೆಗೆ ಒಂದು ಕಾಲದಲ್ಲಿ ಎಷ್ಟೋ ಹಕ್ಕಿಗಳು ಸತ್ತವು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ನಾನು ಆ ಗರಿ ಮುಟ್ಟುವುದಿಲ್ಲ. ಕಪ್ಪು ಫೋಮ್ ತುಂಡು ಕಟ್ಟಿದರೂ ಕೆಳಗಿಂದ ನೋಡುವ ಮೀನಿಗೆ ಅದೇ ದುಂಡು ನೆರಳು ಸಿಗುತ್ತದೆ. ಕಾಡುಕೋಳಿ ಕಾನಿನಲ್ಲೇ ಕೂಗಿಕೊಂಡಿರಲಿ.

ಎಂಥ ಫ್ಲೈ ಆದರೂ ನೀರಿನ ವೇಗದಲ್ಲೇ ತೇಲಬೇಕು. ನಮ್ಮ ದಾರ ಎಳೆದು ಅದು ಒಂದು ಇಂಚು ಅಡ್ಡ ಹೋದರೂ ಮಡುವಿನ ಮೀನು ಅಲ್ಲಿಂದಲೇ ಮುಖ ತಿರುಗಿಸುತ್ತದೆ. ಅದಕ್ಕೇ ನಾನು ಮೀನಿಗಿಂತ ಹೊಳೆಯ ಮೇಲುಭಾಗದಲ್ಲಿ ನಿಂತು ಹರಿವಿನ ಕಡೆಗೆ ಎಸೆಯುತ್ತೇನೆ. ದಾರ ಬೀಳುವ ಮೊದಲೇ ಕೋಲನ್ನು ಮೇಲಿನ ಕಡೆಗೆ ಚಾಚಿದರೆ ಫ್ಲೈ ಮುಂದೆ, ದಾರ ಹಿಂದೆ ಬರುತ್ತದೆ. ದಾರದ ಕೊನೆಗೆ ಕಟ್ಟುವ ತೆಳು ಎಳೆ, ಲೀಡರ್, 12 ಅಡಿಗೆ ಕಡಿಮೆ ಬೇಡ. ಅದರ ತುದಿಯಲ್ಲಿ ಫ್ಲೈ ಕಟ್ಟುವ ಎಳೆ, ಟಿಪೆಟ್, 5ಎಕ್ಸ್, ಅಂದರೆ 0.15 ಮಿಲಿಮೀಟರ್ ದಪ್ಪ. 20ಕ್ಕಿಂತ ಸಣ್ಣ ಫ್ಲೈ ಆದರೆ ಇನ್ನೂ ತೆಳುವಾದ 6ಎಕ್ಸ್.

ಬಾತುಕೋಳಿಯ ಬಾಲದ ಬುಡದ ಗರಿ, ಸಿಡಿಸಿ, ಇರುವ ಫ್ಲೈಗೆ ಮಾತ್ರ ತೇಲಲೆಂದು ಹಚ್ಚುವ ಎಣ್ಣೆಯಂಥ ಫ್ಲೋಟೆಂಟ್ ಹಚ್ಚಬೇಡ. ಅದರ ಎಳೆಗಳೆಲ್ಲ ಅಂಟಿಕೊಂಡು ತೇಲುವ ಗುಣವೇ ಹೋಗುತ್ತದೆ. ಬಟ್ಟೆಯಲ್ಲಿ ಒತ್ತಿ ಒಣಗಿಸಿ, ತೇವ ಹೀರುವ ಪುಡಿ ಹಾಕು.

ಹಾಗಾದರೆ ಶನಿವಾರಕ್ಕೆ? ಸಲ್ಫರ್ ಸ್ಪಾರ್ಕಲ್ ಡನ್ 16 ಮತ್ತು 18, ಅದೇ ಗಾತ್ರದಲ್ಲಿ ರಸ್ಟಿ ಸ್ಪಿನ್ನರ್, 14ರ ಪ್ಯಾರಾಶೂಟ್ ಆಡಮ್ಸ್, 16ರ ಕ್ಯಾಡಿಸ್. ಮೋಡ ಇದ್ದರೆ ಆಲಿವ್ ಅನ್ನುವ ಸಣ್ಣ ಮೇಫ್ಲೈಗೆ 20ರ ಫ್ಲೈ ಒಂದೆರಡು. ಮಿಕ್ಕದ್ದೆಲ್ಲ ಡಬ್ಬಿಯಲ್ಲೇ ಇರಲಿ, ಬೇರೆ ತಿಂಗಳಿಗೆ ಬೇಕಾಗುತ್ತದೆ. ಮತ್ತೆ, ಥರ್ಮಾಮೀಟರ್ ತಾ. ನೀನು ಹೇಳುತ್ತಿದ್ದ ಬೀವರ್‌ಕಿಲ್‌ಗೆ ಹೋಗುವುದಾದರೆ ಮೊದಲು ನೀರಿಗೆ ಅದನ್ನೇ ಇಳಿಸೋಣ. ಅಲ್ಲಿ ಮೇಲೆ ತಣ್ಣೀರು ಬಿಡುವ ಅಣೆಕಟ್ಟಿಲ್ಲ, ಬಿಸಿಲಿಗೆ ನೀರು ಬೇಗ ಕಾಯುತ್ತದೆ. 20 ಡಿಗ್ರಿ ದಾಟಿದರೆ ನೀರಲ್ಲಿ ಆಮ್ಲಜನಕ ಕಡಿಮೆ, ಬಿಟ್ಟ ಮೀನೂ ಬದುಕುವುದು ಕಷ್ಟ. ಹಾಗಿದ್ದರೆ ಕೋಲು ಬಿಚ್ಚದೆ ಗಾಡಿ ತಿರುಗಿಸಿ ಡೆಪಾಸಿಟ್ ಕಡೆ ಹೋಗೋಣ. ಬುತ್ತಿ ನಾನು ತರುತ್ತೇನೆ.